ನಂದಿಯ ಏರಿಗೂ ದೂರದ ಊರಿಗೂ ಒಂದೇ ಉಕ್ಕಿನ ಸೈಕಲ್

ಭಾನುವಾರ ನಸುಕಿನಲ್ಲಿ ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆ ಸಾಗುವ ಸೈಕಲ್‌ಗಳಲ್ಲಿ ಬಹುಪಾಲು ಬೆಂಗಳೂರಿನವು. ಕಾರ್ಬನ್ ಫ್ರೇಮು, ಸಪೂರ ಟಯರು, ಹಿಂದೆ ಮುಂದೆ ಒಂದು ಚೀಲ ಕಟ್ಟಲೂ ಜಾಗವಿಲ್ಲ. ಬೆಟ್ಟ ಹತ್ತಿ ಇಳಿದು ತಿಂಡಿಯ ಹೊತ್ತಿಗೆ ಮನೆ ಸೇರುವವರಿಗೆ ಅಷ್ಟು ಸಾಕು. ವಿಜಯಪುರದಲ್ಲಿರುವ ಸವಾರರ ಮಾತು ಬೇರೆ. (ಗೋಳಗುಮ್ಮಟದ ವಿಜಯಪುರವಲ್ಲ, ದೇವನಹಳ್ಳಿ ತಾಲ್ಲೂಕಿನ ರೇಷ್ಮೆ–ದ್ರಾಕ್ಷಿಯ ವಿಜಯಪುರ.) ಇಲ್ಲಿಂದ ನಂದಿ ಬೆಟ್ಟ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರು. ಇನ್ನೊಂದು ಕಡೆ ತಿರುಗಿದರೆ ಶಿಡ್ಲಘಟ್ಟ, ಚಿಂತಾಮಣಿ, ಕೈವಾರ; ಎರಡು ಜೊತೆ ಬಟ್ಟೆ ಕಟ್ಟಿಕೊಂಡು ಹೊರಟರೆ ಲೇಪಾಕ್ಷಿಯೂ ದೂರವಲ್ಲ. ಒಂದು ವಾರ ಬಿರುಸಿನ ಏರು, ಇನ್ನೊಂದು ವಾರ ಹೊರೆ ಹೊತ್ತ ಪಯಣ. ಮನೆಯಲ್ಲಿ ಒಂದೇ ಸೈಕಲ್‌ಗೆ ಜಾಗವೂ ಹಣವೂ ಇದ್ದರೆ ಅದು ಉಕ್ಕಿನದಾಗಿರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಸಾಮಾನ್ಯವಾಗಿ ಕೊಡುವ ಕಾರಣಕ್ಕಾಗಿ ಅಲ್ಲ.

'ಸ್ಟೀಲ್ ಫ್ರೇಮು ಮೆತ್ತಗೆ, ಗುಂಡಿಯ ಪೆಟ್ಟನ್ನು ನುಂಗಿಕೊಳ್ಳುತ್ತದೆ' ಎಂದು ಅಂಗಡಿಯಲ್ಲೂ ಸವಾರರ ನಡುವೆಯೂ ಹೇಳುವುದಿದೆ. ಸೈಕಲ್ ಫ್ರೇಮು ತ್ರಿಕೋನಗಳಿಂದ ಆದದ್ದು. ಮೇಲಿನಿಂದ ಬೀಳುವ ಭಾರಕ್ಕೆ ತ್ರಿಕೋನ ಬಾಗುವುದಿಲ್ಲ. ಅದರ ಕೊಳವೆಗಳು ಉದ್ದುದ್ದಕ್ಕೆ ಎಳೆಯಲ್ಪಡುತ್ತವೆ ಇಲ್ಲವೇ ಒತ್ತಲ್ಪಡುತ್ತವೆ, ಅಷ್ಟೆ. ಹಾಗಾಗಿ ಕೂತವರ ಭಾರಕ್ಕೆ ಫ್ರೇಮು ಕುಗ್ಗುವುದು ಕಣ್ಣಿಗೆ ಕಾಣದಷ್ಟು ಕಡಿಮೆ. ಅದೇ ಹೊತ್ತಿಗೆ ಸರಿಯಾದ ಗಾಳಿಯಿರುವ 32 ಮಿಲಿಮೀಟರ್ ಟಯರು ನಾಲ್ಕೈದು ಮಿಲಿಮೀಟರ್ ಕುಗ್ಗುತ್ತದೆ. ಬೆನ್ನಿಗೆ ಹಿತ ಕೊಡುವುದು ಮುಖ್ಯವಾಗಿ ಟಯರು. ಫ್ರೇಮಿನ ಲೋಹ ಯಾವುದೆಂಬುದು ಆಮೇಲಿನ ಮಾತು.

ಉಕ್ಕಿನ ನಿಜವಾದ ಗುಣ ತಿಳಿಯಬೇಕಾದರೆ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಬಾಗದೆ ನಿಲ್ಲುವ ಬಿಗಿತ ಒಂದು, ಬಾಗಿದ ಮೇಲೂ ಮುರಿಯದೆ ಉಳಿಯುವ ಬಲ ಇನ್ನೊಂದು. ಬಿಗಿತವನ್ನು ಅಳೆಯುವ ಯಂಗ್ ಗುಣಾಂಕ ಉಕ್ಕಿಗೆ ಸುಮಾರು 200 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಮ್ಮಿಗೆ 70. ಅಚ್ಚರಿಯೆಂದರೆ, ಹಾಲಿನ ಕ್ಯಾನು ಹೊರುವ ಹಳೆಯ ಸೈಕಲ್ಲಿನ ಸಾದಾ ಉಕ್ಕಿಗೂ ಲಕ್ಷ ರೂಪಾಯಿಯ ಫ್ರೇಮಿನ ಮಿಶ್ರಲೋಹಕ್ಕೂ ಈ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಒಂದೇ ಅಳತೆಯ ಕೊಳವೆ ಮಾಡಿದರೆ ಎರಡೂ ಒಂದೇ ಸಮ ಬಾಗುತ್ತವೆ. ಬೆಲೆ ಏರುವುದು ಬಲಕ್ಕೆ. ಕ್ರೋಮೋಲಿ ಎಂದು ಕರೆಯುವ ಉಕ್ಕಿನಲ್ಲಿ ಶೇಕಡಾ 1ರಷ್ಟು ಕ್ರೋಮಿಯಂ, 0.2ರಷ್ಟು ಮಾಲಿಬ್ಡಿನಮ್ ಇರುತ್ತದೆ. ಅಷ್ಟರಿಂದಲೇ ಅದರ ಬಲ ಸಾದಾ ಉಕ್ಕಿನ ಒಂದೂವರೆ ಪಟ್ಟು ಮೀರುತ್ತದೆ. ಬಲ ಹೆಚ್ಚಿದ್ದರೆ ಗೋಡೆ ತೆಳುವಾಗಿಸಬಹುದು, ತೂಕ ಇಳಿಸಬಹುದು.

ತೆಳು ಮಾಡುವುದರಲ್ಲೂ ಒಂದು ಜಾಣ್ಮೆಯಿದೆ. ಬೆಸುಗೆಯ ಶಾಖ ತಗಲುವುದೂ ಹೆಚ್ಚಿನ ಒತ್ತಡ ಬೀಳುವುದೂ ಕೊಳವೆಯ ತುದಿಗಳಲ್ಲಿ. ಆದ್ದರಿಂದ ಬಿದಿರಿನ ಗೆಣ್ಣಿನಂತೆ ತುದಿಯಲ್ಲಿ 0.8 ಮಿಲಿಮೀಟರ್ ದಪ್ಪ ಬಿಟ್ಟು, ನಡುವೆ 0.5ಕ್ಕೆ ಇಳಿಸುತ್ತಾರೆ. ಇಂಥ 'ಬಟೆಡ್' ಕೊಳವೆಗೆ 1897ರಲ್ಲಿ ಪೇಟೆಂಟ್ ಪಡೆದವರು ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯವರು; ಮೂಲದಲ್ಲಿ ಮೊಳೆ ತಯಾರಕರು. 1935ರಲ್ಲಿ ಅವರು ತಂದ 531 ಎಂಬ ಉಕ್ಕು ದಶಕಗಳ ಕಾಲ ರೇಸಿನ ಸೈಕಲ್‌ಗಳನ್ನು ಆಳಿತು. ಅದಕ್ಕೂ ಮೊದಲೇ ರೆನಾಲ್ಡ್ಸ್ ಸೇರಿದ್ದು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಮೂಹವನ್ನು. ಅದೇ ಸಮೂಹ 1949ರಲ್ಲಿ ಮುರುಗಪ್ಪ ಕುಟುಂಬದೊಡನೆ ಕೂಡಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಕಟ್ಟಿತು. ನಮ್ಮ ಅಂಗಳದಲ್ಲಿ ನಿಂತಿದ್ದ ಹರ್ಕ್ಯುಲಿಸ್ ಬಂದದ್ದು ಆ ಕಾರ್ಖಾನೆಯಿಂದ. ಯುರೋಪಿನ ರೇಸ್ ಫ್ರೇಮಿಗೂ ಅಪ್ಪನ ಹರ್ಕ್ಯುಲಿಸ್‌ಗೂ ಇಷ್ಟು ಹತ್ತಿರದ ನಂಟಿದೆ ಎಂದು ತಿಳಿದಾಗ ನನಗೆ ನಿಜಕ್ಕೂ ಹಿಗ್ಗಾಯಿತು.

ಫ್ರೇಮು ನೋಡುವಾಗ ಕೊಳವೆಯ ಅಡ್ಡಳತೆ ಕೇಳಿ. ಗೋಡೆಯ ದಪ್ಪ ಅಷ್ಟೇ ಇದ್ದರೆ ತೂಕ ಅಡ್ಡಳತೆಯೊಂದಿಗೆ ಸಮನಾಗಿ ಏರುತ್ತದೆ, ಬಿಗಿತ ಮಾತ್ರ ಅದರ ಘನದಂತೆ ಏರುತ್ತದೆ. ಹಳೆಯ ಕಾಲದ 25.4 ಮಿಲಿಮೀಟರ್ ಮೇಲ್ಕೊಳವೆಯ ಬದಲು 28.6 ಮಿಲಿಮೀಟರಿನದು ಹಾಕಿದರೆ ಆ ಕೊಳವೆಯ ತೂಕ ಎಂಟರಲ್ಲೊಂದು ಪಾಲು ಹೆಚ್ಚುತ್ತದೆ, ಬಿಗಿತ ಶೇಕಡಾ 42ರಷ್ಟು. ಕ್ಯಾರಿಯರಿನ ಮೇಲೆ ಹೊರೆ ಕಟ್ಟಿ ಇಳಿಜಾರಿನಲ್ಲಿ ಬರುವಾಗ ಹ್ಯಾಂಡಲ್ ತಾನಾಗಿಯೇ ನಡುಗುವ ಅಪಾಯವನ್ನು ಈ ಬಿಗಿತ ಕಡಿಮೆ ಮಾಡುತ್ತದೆ. ಹೊರೆ ಹೊರುವ ಉದ್ದೇಶವಿದ್ದರೆ ನಾನು 28.6ಕ್ಕಿಂತ ಕೆಳಗಿಳಿಯುವುದಿಲ್ಲ.

ಇನ್ನು ಬಾಳಿಕೆ. ಗಂಟೆಗೆ 20 ಕಿಲೋಮೀಟರಿನಂತೆ 100 ಕಿಲೋಮೀಟರ್ ಹೋದರೆ, ನಿಮಿಷಕ್ಕೆ 75 ಸುತ್ತಿನ ಲೆಕ್ಕದಲ್ಲಿ ಪೆಡಲು 22,500 ಸುತ್ತು ತಿರುಗುತ್ತದೆ. ಎರಡು ಕಾಲಿನದೂ ಸೇರಿ ಒಂದೇ ದಿನದಲ್ಲಿ 45,000 ಬಾರಿ ಫ್ರೇಮು ತುಸು ತುಸು ಬಾಗಿ ನೆಟ್ಟಗಾಗುತ್ತದೆ. ಲೋಹ ದಣಿಯುವುದು ಹೀಗೆ. ಉಕ್ಕಿಗೆ ದಣಿವಿನ ಮಿತಿಯೊಂದಿದೆ: ಅದರ ಪೂರ್ತಿ ಬಲದ ಸುಮಾರು ಅರ್ಧಕ್ಕಿಂತ ಕೆಳಗಿನ ಒತ್ತಡ ಎಷ್ಟು ಬಾರಿ ಬಿದ್ದರೂ ಬಿರುಕು ಹುಟ್ಟುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಗೆರೆಯಿಲ್ಲ. ಅದರ ಫ್ರೇಮನ್ನೂ ದಪ್ಪ ಕೊಳವೆಯಿಂದ ಬಹುಕಾಲ ಬಾಳುವಂತೆ ಕಟ್ಟಬಹುದು, ನಿಜ. ಆದರೆ ಹೊರೆ, ಹಂಪು, ಗುಂಡಿಗಳ ನಡುವೆ ಉಕ್ಕು ಕೊಡುವ ಭರವಸೆ ಹೆಚ್ಚು.

ತೂಕದ ಭಯ ಎಲ್ಲರಿಗೂ ಇದೆ. ಉಕ್ಕಿನ ಸೈಕಲ್ ಒಳ್ಳೆಯ ಕಾರ್ಬನ್ ಸೈಕಲ್‌ಗಿಂತ 2 ಕಿಲೋ ಹೆಚ್ಚು ತೂಗುತ್ತದೆ ಎಂದುಕೊಳ್ಳೋಣ. ನಂದಿಯಲ್ಲಿ ಮೇಲೇರುವ ಎತ್ತರ 450 ಮೀಟರ್ ಎಂದಿಟ್ಟುಕೊಂಡರೆ ಆ 2 ಕಿಲೋ ಎತ್ತಲು ಬೇಕಾಗುವ ಶಕ್ತಿ ಸುಮಾರು 8,800 ಜೌಲ್. 150 ವಾಟ್‌ನಂತೆ ತುಳಿಯುವವರಿಗೆ ಅದು ಒಂದು ನಿಮಿಷದ ಕೆಲಸ. ಇಡೀ ಬೆಟ್ಟಕ್ಕೆ ಒಂದೇ ನಿಮಿಷ! ಸ್ಪರ್ಧೆಯಲ್ಲಿ ಅದು ದೊಡ್ಡದು, ನಮಗಲ್ಲ.

ಅದಕ್ಕಿಂತ ಗೇರು ಮುಖ್ಯ. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ. ದಾರಿ 100 ಮೀಟರಿಗೆ 8 ಮೀಟರ್ ಏರುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯುತ್ತೀರಿ. ಮುಂದೆ 39, ಹಿಂದೆ 25 ಹಲ್ಲಿನ ಹಳೆಯ ರೇಸ್ ಗೇರಿನಲ್ಲಿ ಬೇಕಾಗುವ ಶಕ್ತಿ 260 ವಾಟ್ ದಾಟುತ್ತದೆ. ಪಳಗಿದ ಸವಾರನೂ ಬೇಗ ಸೋಲುತ್ತಾನೆ. ಮುಂದೆ 34, ಹಿಂದೆ 34 ಇದ್ದರೆ 170ರ ಸುತ್ತ. ಮುಂದಿನದು 30 ಆದರೆ 150. ಹೊರೆ ಹೊತ್ತು ಹತ್ತುವವರಿಗೆ ಹಿಂದೆ ಮುಂದೆ ಹಲ್ಲು ಸಮನಾಗಿರುವ ಒಂದು ಗೇರಾದರೂ ಇರಲೇಬೇಕು.

ಟಯರಿಗೆ ಜಾಗ ಎಷ್ಟಿದೆ ಎಂಬುದನ್ನೂ ಅಂಗಡಿಯಲ್ಲೇ ಅಳೆಯಿರಿ. ಮಡ್‌ಗಾರ್ಡ್ ಹಾಕಿದ ಮೇಲೂ 32 ಮಿಲಿಮೀಟರ್ ಟಯರು ಸಲೀಸಾಗಿ ತಿರುಗಬೇಕು. ಅಗಲದ ಟಯರು ನಿಧಾನ ಎನ್ನುವ ನಂಬಿಕೆ ಬಿಡಿ: ಒಂದೇ ಒತ್ತಡದಲ್ಲಿ ಅದು ನೆಲಕ್ಕೆ ಒತ್ತಿಕೊಳ್ಳುವ ಜಾಗ ಗಿಡ್ಡವೂ ಅಗಲವೂ ಆಗಿರುವುದರಿಂದ ರಬ್ಬರು ಹಿಸುಕಿಕೊಳ್ಳುವುದು ಕಡಿಮೆ, ವ್ಯರ್ಥವಾಗುವ ಶಕ್ತಿಯೂ ಕಡಿಮೆ. ಪೆಡಲಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ಕೊಳವೆ ರೇಸ್ ಸೈಕಲ್ಲಿನಲ್ಲಿ 410 ಮಿಲಿಮೀಟರಿನಷ್ಟಿದ್ದು, ಪಕ್ಕಕ್ಕೆ ಚೀಲ ಕಟ್ಟಿದರೆ ಹಿಮ್ಮಡಿ ತಾಗುತ್ತದೆ. ಪ್ರವಾಸದ ಸೈಕಲ್ಲಿನ 450 ಬಿರುಸಿನ ಓಟಕ್ಕೆ ಸ್ವಲ್ಪ ಮಂದ. ಎರಡಕ್ಕೂ ಸಲ್ಲುವುದು 425ರಿಂದ 435. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ದೂರದ ಸವಾರಿಯ 1,200 ಕಿಲೋಮೀಟರನ್ನು 90 ಗಂಟೆಯಲ್ಲಿ ಮುಗಿಸಲು ಹೋಗುವವರಿಗೆ ಬೇಕಾದದ್ದೂ ಇಂಥ ನಡುವಿನ ಸೈಕಲ್ಲೇ. ಬೆಂಗಳೂರಿನಲ್ಲಿ ಅದಕ್ಕೆ ಅಣಿಯಾಗುವವರು 200, 300, 400, 600 ಕಿಲೋಮೀಟರಿನ 'ಬ್ರೆವೆ' ಎಂಬ ಅರ್ಹತಾ ಸವಾರಿಗಳನ್ನು ಮುಗಿಸುತ್ತಾರೆ.

ದಾರಿಯಲ್ಲಿ ಫ್ರೇಮು ಬಿರುಕು ಬಿಟ್ಟರೆ ಉಕ್ಕನ್ನು ತಾಲ್ಲೂಕು ಕೇಂದ್ರದಲ್ಲೂ ಬೆಸೆಯಬಹುದು. ಕರೆಂಟ್ ವೆಲ್ಡಿಂಗ್ ಮಾತ್ರ ಬೇಡ, ಅರ್ಧ ಮಿಲಿಮೀಟರಿನ ಗೋಡೆ ತೂತಾಗುತ್ತದೆ; ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಮಾಡಿಸಿ. ಪೆಡಲಿನ ಅಚ್ಚು ಕೂರುವ ಜಾಗಕ್ಕೆ ತಿರುಪಿನ ಬಿ.ಎಸ್.ಎ. ಅಳತೆಯಿದ್ದರೆ ಬಿಚ್ಚಿ ಕಟ್ಟುವುದು ಸುಲಭ.

ಹಳೆಯ ಫ್ರೇಮು ಕೊಳ್ಳುವವರು ಸೀಟಿನ ಕಂಬ ಹೊರಗೆಳೆದು ಒಳಗೆ ಟಾರ್ಚ್ ಬಿಡಿ. ಕೆಂಪು ಪುಡಿ ತೆಳುವಾಗಿದ್ದರೆ ಉಜ್ಜಿ ಎಣ್ಣೆ ಹಚ್ಚಿದರೆ ಸಾಕು, ಪದರ ಪದರವಾಗಿ ಏಳುತ್ತಿದ್ದರೆ ಬೇಡ. ಹ್ಯಾಂಡಲಿನ ಕೊಳವೆಯ ಹಿಂದೆ, ಕೆಳಗಿನ ಕೊಳವೆಯ ಅಡಿಭಾಗದಲ್ಲಿ ಬೆರಳಾಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಆ ಸೈಕಲ್ ಎಲ್ಲೋ ಮುಖಾಮುಖಿ ಗುದ್ದಿದೆ ಎಂದೇ ಅರ್ಥ. ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.