ಚೇಳಿನ ಕೊಂಡಿಯಲ್ಲಿ ಮಿದುಳಿನ ಕೀಲಿಕೈ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಇಂಡಿ ತಾಲ್ಲೂಕಿನ ಹೊರ್ತಿ ಸಿಗುತ್ತದೆ. ಸುತ್ತಲೂ ಮಳೆ ಕಡಿಮೆ ಬೀಳುವ ಬಯಲು. ಹೊಲದಲ್ಲಿ ಕಲ್ಲಿನ ಒಡ್ಡು, ಹಿತ್ತಿಲಲ್ಲಿ ಕಣಿಕೆಯ ಬಣವಿ, ಹಳೆಯ ಮಣ್ಣಿನ ಗೋಡೆಯ ಸಂದು. ಈ ಸೀಮೆಯ ರೈತನಿಗೆ ಇವೆಲ್ಲ ಬದುಕಿನ ಭಾಗವಾದರೆ ಚೇಳಿಗೆ ಇವೇ ಮನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗರಿಗೆ ಚೇಳು ಬರಿಯ ಕತೆಯ ಪ್ರಾಣಿಯಲ್ಲ. ಕತ್ತಲಲ್ಲಿ ಕಾಲಿಡುವಾಗ ನೆನಪಾಗುವ ಪ್ರಾಣಿ.

ಭಯವಿದ್ದಲ್ಲಿ ಭಕ್ತಿಯೂ ಹುಟ್ಟುತ್ತದೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಕೊಂಡಮ್ಮ ದೇವಿಯ ಜಾತ್ರೆ. ಅಂದು ಹಿರಿಯರು ಮಕ್ಕಳೆನ್ನದೆ ಕಲ್ಲು ಎತ್ತಿ ಚೇಳು ಹಿಡಿದು, ಅಂಗೈ, ತೋಳು, ಮುಖದ ಮೇಲೆಲ್ಲ ಹರಿದಾಡಲು ಬಿಡುತ್ತಾರೆ. ಅದು ‘ಚೇಳಿನ ಜಾತ್ರೆ’ ಎಂದೇ ಹೆಸರಾಗಿದೆ. ಉಳಿದ ದಿನಗಳಲ್ಲಿ ಹಳ್ಳಿಯ ಆಸರೆಯೆಂದರೆ ಮಂತ್ರ ಹಾಕುವವರು. ಮಂತ್ರಕ್ಕೆ ಗುಣವಾಯಿತೆನ್ನುವುದಕ್ಕೂ ಒಂದು ಕಾರಣವಿದೆ. ನೋಡಲು ಭಾರಿಯಾದ ಕರಿಚೇಳಿನ ವಿಷ ಅಷ್ಟು ಘೋರವಲ್ಲ. ಕೆಲವು ಗಂಟೆಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಪ್ರಾಣಕ್ಕೆ ಎರವಾಗುವುದು ಗಾತ್ರದಲ್ಲಿ ಚಿಕ್ಕದಾದ ಕೆಂಪು ಚೇಳು. ಅಲ್ಲಿ ಮಂತ್ರ ನಡೆಯದು.

ಕೆಂಪು ಚೇಳಿನ ವಿಷ ಏನು ಮಾಡುತ್ತದೆ? ನರತಂತುಗಳ ಗೋಡೆಯಲ್ಲಿ ಕೆರೆಯ ತೂಬಿನಂಥ ಸೂಕ್ಷ್ಮ ದ್ವಾರಗಳಿವೆ. ಸೋಡಿಯಂ ಒಳಬರುವ ತೂಬು ತೆರೆದರೆ ನರ ಮಿಡಿಯುತ್ತದೆ. ಪೊಟ್ಯಾಸಿಯಂ ಹೊರಹೋಗುವ ತೂಬು ತೆರೆದರೆ ನರ ತಣ್ಣಗಾಗುತ್ತದೆ. ವಿಷದ ಮುಖ್ಯ ಅಂಶ ಸೋಡಿಯಂ ತೂಬು ಮುಚ್ಚದಂತೆ ತಡೆಹಿಡಿಯುತ್ತದೆ. ನರಗಳು ಬಿಡುವಿಲ್ಲದೆ ಮಿಡಿಯುತ್ತವೆ. ಮೈ ಬೆವರುತ್ತದೆ, ವಾಂತಿಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ. ಕಡೆಗೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎಳೆಯ ಮಕ್ಕಳಿಗೆ ಅಪಾಯ ಹೆಚ್ಚು.

ಈ ಸಾವನ್ನು ತಡೆಯುವ ದಾರಿ ಕಂಡದ್ದು ದೊಡ್ಡ ನಗರದ ಆಸ್ಪತ್ರೆಯಲ್ಲಲ್ಲ, ಕೊಂಕಣದ ಮಹಾಡಿನಲ್ಲಿ. ಅಲ್ಲಿನ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯನ್ನು ಬಳಸಿ ನೋಡಿದರು. 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಹಿಂದೆ ತೀವ್ರವಾಗಿ ವಿಷವೇರಿದವರಲ್ಲಿ ಶೇಕಡ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ, ಬೇಗ ಚಿಕಿತ್ಸೆ ಸಿಕ್ಕವರಲ್ಲಿ ಸುಮಾರು ಶೇಕಡ 1ಕ್ಕೆ ಇಳಿಯಿತು. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಆದರೆ ಚೇಳಿನ ವಿಷವೆಂಬುದು ಒಂದೇ ವಸ್ತುವಲ್ಲ. ಅದು ಹತ್ತಾರು ಪೆಪ್ಟೈಡುಗಳ ಮಿಶ್ರಣ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದರೆ ಆಗುವ ಗಿಡ್ಡ ಸರವೇ ಪೆಪ್ಟೈಡು. ಸರ ಉದ್ದವಾದರೆ ಪ್ರೋಟೀನು. ಇದೇ ಕೆಂಪು ಚೇಳಿನಿಂದ 1990ರಲ್ಲಿ 37 ಮಣಿಗಳ ಐಬೀರಿಯೊಟಾಕ್ಸಿನ್, 2002ರಲ್ಲಿ 31 ಮಣಿಗಳ ಟಮಾಪಿನ್ ಬೇರ್ಪಟ್ಟವು. ಇವು ಸೋಡಿಯಂ ತೂಬಿನ ಗೊಡವೆಗೆ ಹೋಗುವುದಿಲ್ಲ. ಪೊಟ್ಯಾಸಿಯಂ ತೂಬಿಗೆ ಬಿರಡೆಯಂತೆ ಕೂರುತ್ತವೆ. ಅದರಲ್ಲೂ ಟಮಾಪಿನ್ ಹಿಡಿಯುವ ತೂಬು ಮಿದುಳಿನಲ್ಲಿ ಹೇರಳ. ನರಕೋಶ ಒಮ್ಮೆ ಮಿಡಿದ ಮೇಲೆ ಅದನ್ನು ಸುಮ್ಮನಾಗಿಸುವುದೇ ಆ ತೂಬಿನ ಕೆಲಸ.

ಅದನ್ನು ಮುಚ್ಚಿದರೆ? ನರಕೋಶ ಇನ್ನಷ್ಟು ಹೊತ್ತು ಎಚ್ಚರವಾಗಿರುತ್ತದೆ. ಹೊಸ ಪಾಠ ಬೇಗ ನೆಲೆಗೊಳ್ಳುತ್ತದೆ. ಜೇನುನೊಣದ ವಿಷದಲ್ಲಿರುವ 18 ಮಣಿಗಳ ಅಪಾಮಿನ್ ಕೂಡ ಇದೇ ತೂಬನ್ನು ಮುಚ್ಚುತ್ತದೆ. ಅದನ್ನು ತುಸುವೇ ಕೊಟ್ಟ ಇಲಿಗಳು ಕೆಲವು ಪ್ರಯೋಗಗಳಲ್ಲಿ ಬೇಗ ಕಲಿತವು. ಪ್ರಮಾಣ ಕೊಂಚ ಏರಿದರೆ ಮಾತ್ರ ನಡುಕ, ಸೆಳವು. ನೆನಪು ಹೆಚ್ಚುವುದಕ್ಕೂ ಪ್ರಾಣ ಹೋಗುವುದಕ್ಕೂ ನಡುವಿನ ಅಂತರ ಅಷ್ಟು ಕಿರಿದು.

ಮಿದುಳನ್ನು ಕಾಯುವ ಪೆಪ್ಟೈಡುಗಳ ಹುಡುಕಾಟವೂ ವಿಷದ ಬಾಗಿಲು ತಟ್ಟಿದೆ. ಆಸ್ಟ್ರೇಲಿಯದ ಒಂದು ಜೇಡದ ವಿಷದಿಂದ ದೊರೆತ ಪೆಪ್ಟೈಡು, ಪಾರ್ಶ್ವವಾಯು ತಗುಲಿ ಎಂಟು ತಾಸಾದ ಮೇಲೆ ಕೊಟ್ಟರೂ ಇಲಿಗಳ ಮಿದುಳಿನ ಹಾನಿಯನ್ನು ತಗ್ಗಿಸಿತೆಂದು 2017ರಲ್ಲಿ ವರದಿಯಾಯಿತು. ವಿಷದ ಗೊಡವೆಯಿಲ್ಲದ ದಾರಿಯೂ ಉಂಟು. ದೇಹದ್ದೇ ಪೆಪ್ಟೈಡುಗಳನ್ನು ಮಾದರಿಯಾಗಿಟ್ಟುಕೊಂಡು ರಷ್ಯದಲ್ಲಿ ಪಾರ್ಶ್ವವಾಯುವಿಗೆ ಸೆಮ್ಯಾಕ್ಸ್, ಆತಂಕಕ್ಕೆ ಸೆಲ್ಯಾಂಕ್ ಎಂಬ ಮೂಗಿನ ಹನಿಗಳನ್ನು ತಯಾರಿಸಿದರು. ಅಮೆರಿಕದ ಔಷಧ ನಿಯಂತ್ರಕರು ಅವುಗಳಿಗೆ ಒಪ್ಪಿಗೆ ಕೊಟ್ಟಿಲ್ಲ.

ಮೂಗಿನ ಹನಿಯೇ ಏಕೆ? ನುಂಗಿದ ಪೆಪ್ಟೈಡನ್ನು ಹೊಟ್ಟೆ ಬೇಳೆಯಂತೆ ಜೀರ್ಣಿಸಿಬಿಡುತ್ತದೆ. ರಕ್ತಕ್ಕೆ ಚುಚ್ಚಿದರೂ ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಬಹುಪಾಲನ್ನು ಒಳಬಿಡದು. ಸಮುದ್ರದ ಬಸವನಹುಳುವಿನ ವಿಷವನ್ನು ಅನುಸರಿಸಿ ಮಾಡಿದ ಜಿಕೊನೊಟೈಡ್ ಎಂಬ ನೋವಿನ ಮದ್ದಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನೂ ಬೆನ್ನುಹುರಿಯ ದ್ರವಕ್ಕೇ ಹನಿಸಬೇಕು. ಅಂಥ ಬಸವನಹುಳುಗಳ ಪೆಪ್ಟೈಡುಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಬಲರಾಮ್ ಮತ್ತು ಸಂಗಡಿಗರು ಅಭ್ಯಾಸ ಮಾಡಿದ್ದಾರೆ.

ನೆನಪು ಹೆಚ್ಚಿಸುವ, ಆತಂಕ ಕಳೆಯುವ ಪೆಪ್ಟೈಡು ಎಂಬ ಹೆಸರಿನಲ್ಲಿ ಈಗ ಸೀಸೆಗಳ ಮಾರಾಟವೂ ನಡೆದಿದೆ. ಚೇಳಿನ ಮಂತ್ರ ಬಾರದವನು ಹಾವಿನ ಹುತ್ತಕ್ಕೆ ಕೈ ಹಾಕಿದ ಎಂಬ ಗಾದೆ ಅಂಥವನ್ನು ಕೊಳ್ಳುವವರಿಗೆ ಚೆನ್ನಾಗಿ ಒಪ್ಪುತ್ತದೆ. ಇಲಿಯಲ್ಲಿ ಕಂಡ ಗುಣ ಮನುಷ್ಯನಲ್ಲಿ ಸಾಬೀತಾಗುವವರೆಗೆ ಅದು ಸುಳಿವಷ್ಟೆ, ಮದ್ದಲ್ಲ. ಟಮಾಪಿನ್ ಇನ್ನೂ ಪ್ರಯೋಗಶಾಲೆಯ ಉಪಕರಣವಾಗಿಯೇ ಉಳಿದಿದೆ. ಯಾವ ತೂಬು ಎಲ್ಲಿದೆ, ಏನು ಮಾಡುತ್ತದೆ ಎಂದು ತಿಳಿಯಲು ಅದು ಕೀಲಿಕೈ. ಅದೇನೂ ಸಣ್ಣ ಉಪಕಾರವಲ್ಲ.

ಹೊರ್ತಿಯಂಥ ಊರಿನ ಮನೆಗೆ ಸದ್ಯಕ್ಕೆ ಬೇಕಾದ ತಿಳಿವಳಿಕೆ ಬೇರೆ. ಚೇಳು ಕಡಿದಾಗ ಬಿಗಿದು ಕಟ್ಟಬಾರದು, ಕೊಯ್ಯಬಾರದು. ಕಡಿದ ಹೊತ್ತು ನೆನಪಿಟ್ಟುಕೊಂಡು, ಬೆವರು, ವಾಂತಿ, ತಣ್ಣನೆಯ ಕೈಕಾಲು ಕಂಡರೆ, ಅದರಲ್ಲೂ ಮಗುವಾದರೆ, ತಡಮಾಡದೆ ಆಸ್ಪತ್ರೆ ಸೇರಿಸಬೇಕು. ಮಂತ್ರ ಹಾಕಿಸುತ್ತ ಕಳೆದ ಒಂದೊಂದು ತಾಸೂ ವಿಷದ ಪಾಲಿಗೆ ಹೋಗುತ್ತದೆ.