ಹೇಳದೆ ಉಳಿದ ಕಥೆ

ಕನ್ನಡ ಜನಪದದಲ್ಲಿ ಕಥೆಯನ್ನು ಕುರಿತೇ ಹುಟ್ಟಿದ ಕಥೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಆಕೆ ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಎಂದೂ ಹಾಡಲಿಲ್ಲ. ಒಳಗೇ ಸೆರೆಯಾಗಿ ಬೇಸತ್ತ ಅವು, ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಒಂದು ಜೊತೆ ಕೆರವಾಗಿ ಬಾಗಿಲಲ್ಲಿ ಕುಳಿತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿತು. ಇವು ಯಾರವೆಂದು ಕೇಳಿದ ಗಂಡನಿಗೆ ಆಕೆ ಏನೂ ಹೇಳಲಾರದೆ ಹೋದಳು. ಅವನು ಸಂಶಯದಿಂದ ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದನು. ಮನೆಮನೆಗಳಲ್ಲಿ ಆರಿದ ದೀಪಗಳು ರಾತ್ರಿ ಆ ಗುಡಿಯಲ್ಲಿ ಸೇರಿ ಮಾತಾಡುತ್ತಿದ್ದವು. ತಡವಾಗಿ ಬಂದ ತನ್ನ ಮನೆಯ ದೀಪದ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಮರಳಿ ಬಂದು ಕೇಳಿದರೆ, ಹೆಂಡತಿಗೆ ಕಥೆಯೂ ಹಾಡೂ ಮರೆತೇ ಹೋಗಿದ್ದವು.

1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಇಂತಹ ಕಥೆಗಳನ್ನು ಸಂಗ್ರಹಿಸಿದರು. ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಇಂಗ್ಲಿಷ್ ಸಂಕಲನದಲ್ಲಿ ಇದೂ ಇದೆ. ಅವರಿಂದ ಕೇಳಿದ ಕಥೆಗಳನ್ನು ಆಧರಿಸಿಯೇ ಗಿರೀಶ ಕಾರ್ನಾಡರು ‘ನಾಗಮಂಡಲ’ವನ್ನು ರಚಿಸಿದರು.

ಕಥೆಯನ್ನು ಬಚ್ಚಿಟ್ಟು ಕಾಪಾಡಲಾಗದು ಎಂಬುದು ಇದರ ತಾತ್ಪರ್ಯ. ಹಣ ಕೊಟ್ಟಷ್ಟೂ ಕಡಿಮೆಯಾಗುತ್ತದೆ. ಕಥೆ ಹೇಳದಿದ್ದಷ್ಟೂ ಕಡಿಮೆಯಾಗುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ಕನ್ನಡ, ಮೊಮ್ಮಗನ ಶಾಲೆ ಮರಾಠಿ. ಭಾಷೆ ಬದಲಾದರೆ ಕಥೆ ಸಾಯುತ್ತದೆಯೇ? ಹಾಗೇನೂ ಇಲ್ಲ. ಕಾಗಕ್ಕ-ಗುಬ್ಬಕ್ಕನ ಕಥೆ ಎರಡೂ ಭಾಷೆಗಳಲ್ಲಿದೆ; ಎರಡು ಭಾಷೆಗಳಲ್ಲಿ ಓದಿ ಬೆಳೆದ ನಾನು ಎರಡನ್ನೂ ಕೇಳಿದ್ದೇನೆ. ಮಳೆ ಬರುತ್ತದೆ, ಕಾಗೆಯ ಮನೆ ಕೊಚ್ಚಿಹೋಗುತ್ತದೆ, ಅದು ಗುಬ್ಬಿಯ ಬಾಗಿಲು ತಟ್ಟುತ್ತದೆ. ಈ ಹಂದರ ಗಡಿಯನ್ನು ಸುಲಭವಾಗಿ ದಾಟುತ್ತದೆ.

ಬದಲಾಗುವುದು ಅದರ ಮೈ. ಮರಾಠಿಯಲ್ಲಿ ಕಾಗೆಯ ಮನೆ ‘ಶೇಣ’ದ್ದು, ಅಂದರೆ ಸೆಗಣಿಯದು, ಗುಬ್ಬಿಯ ಮನೆ ‘ಮೇಣ’ದ್ದು. ಮಗುವಿನ ನೆನಪಿನಲ್ಲಿ ಕಥೆಯನ್ನು ನಿಲ್ಲಿಸುವ ಈ ಪ್ರಾಸ ಕನ್ನಡಕ್ಕೆ ಬರುವುದಿಲ್ಲ. ಮರಾಠಿಯ ‘ಕಾವಳಾ’ ಗಂಡು. ಕನ್ನಡದಲ್ಲಿ ಕಾಗೆಯೂ ಅಕ್ಕ, ಗುಬ್ಬಿಯೂ ಅಕ್ಕ. ಆದ್ದರಿಂದ ನಮ್ಮ ಕಥೆಯಲ್ಲಿ ನೆರೆಮನೆಯ ಇಬ್ಬರು ಹೆಂಗಸರ ಸಲಿಗೆ, ಮುನಿಸುಗಳು ಕೇಳಿಸುತ್ತವೆ. ಅಜ್ಜಿ ಕನ್ನಡದಲ್ಲಿ ಹೇಳದಿದ್ದರೆ ಮಗು ಕಥೆಯನ್ನು ಕಳೆದುಕೊಳ್ಳಲಿಕ್ಕಿಲ್ಲ. ಆ ಇಬ್ಬರು ಅಕ್ಕಂದಿರನ್ನು ಕಳೆದುಕೊಳ್ಳುತ್ತದೆ.

ಹೇಳುವ ಸಂದರ್ಭಗಳೂ ಅಳಿಯುತ್ತಿವೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲಿನೊಡನೆ ಬೀಸುವ ಪದಗಳೂ ಮೂಲೆ ಸೇರಿದವು. ಭೀಮೆಯ ಆಚೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹಿಸಿದ್ದರಿಂದ ಒಂದಿಷ್ಟು ಉಳಿಯಿತು. ಆದರೆ ಪ್ರತಿ ಮನೆಗೂ ಸಂಗ್ರಾಹಕರು ಬರಲಾರರು.

ಆದುದರಿಂದ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ಮನೆಯ ಹಿರಿಯರಿಂದ ಒಂದು ಕಥೆ ಕೇಳಿರಿ. ನಡುನಡುವೆ ‘ಹೂಂ’ಗುಡಿರಿ, ಹೂಂಗುಡುವವರಿಲ್ಲದೆ ಕಥೆ ಮುಂದೆ ಸಾಗದು. ಅವರ ಆಡುಮಾತನ್ನು ತಿದ್ದದೆ ಬರೆಯಿರಿ. ಕನ್ನಡ ಲಿಪಿ ಬಾರದವರು ನಾಗರಿಯಲ್ಲಿಯೇ ಬರೆದುಕೊಳ್ಳಬಹುದು. ಅಜ್ಜಿ ಯಾವ ಊರಿನಿಂದ ಸೊಸೆಯಾಗಿ ಬಂದರು, ಕಥೆಯನ್ನು ಅವರಿಗೆ ಹೇಳಿದವರು ಯಾರು ಎಂಬುದನ್ನೂ ಕೇಳಿ ಗುರುತಿಸಿರಿ. ಬರೆದಾದ ಮೇಲೆ ಮನೆಯ ಚಿಕ್ಕ ಮಗುವೊಂದಕ್ಕೆ ಆ ಕಥೆಯನ್ನು ನೀವೇ ಬಾಯಿಬಿಟ್ಟು ಹೇಳಿರಿ.