ನಾಲ್ಕು ಮಿಲಿಮೀಟರಿನ ಲೆಕ್ಕ: ಹಳೆ ಸೈಕಲ್‌ಗೆ ಹೊಸ ಹಿಂಚಕ್ರ ಕೂರಿಸುವ ಮುನ್ನ

ಮುಂಬಯಿ, ಪುಣೆ, ಚೆನ್ನೈ ಮುಂತಾದ ನಗರಗಳ ವಸತಿ ಕಟ್ಟಡಗಳಲ್ಲಿ ಮೆಟ್ಟಿಲಡಿಯಲ್ಲೋ ಗೇಟಿನ ಪಕ್ಕದಲ್ಲೋ ಧೂಳು ಹಿಡಿದು ನಿಂತ ಒಂದೆರಡು ಹಳೆಯ ಸೈಕಲ್‌ಗಳು ಇದ್ದೇ ಇರುತ್ತವೆ. ಹೋಟೆಲ್, ಗಿರಣಿ, ಕಚೇರಿಗಳಲ್ಲಿ ದುಡಿದ ಹಿರಿಯರು ತುಳಿದ ಸೈಕಲ್‌ಗಳೂ ಅವುಗಳಲ್ಲಿವೆ. ಗುಜರಿಗೆ ಹಾಕಲು ಮನೆಯವರಿಗೆ ಮನಸ್ಸು ಬರುವುದಿಲ್ಲ. ನಿವೃತ್ತಿಯ ನಂತರ ಬೆಳಗಿನ ವ್ಯಾಯಾಮಕ್ಕೆಂದು ಅದನ್ನೇ ಹೊರತೆಗೆಯುವವರೂ, ಗೇರ್ ಹಾಕಿಸಿ ಮೊಮ್ಮಕ್ಕಳಿಗೆ ಕೊಡಬೇಕೆನ್ನುವವರೂ ನಮ್ಮವರಲ್ಲಿ ಕಡಿಮೆಯಿಲ್ಲ.

ಟಯರು, ಟ್ಯೂಬು, ಬ್ರೇಕಿನ ರಬ್ಬರು ಬದಲಿಸುವುದು ಸುಲಭ. ತೊಡಕು ಶುರುವಾಗುವುದು ಹಿಂದಿನ ಚಕ್ರದಲ್ಲಿ. ಹೊಸ ಚಕ್ರ ತಂದರೆ ಅದು ಫ್ರೇಮಿನೊಳಗೆ ಹೋಗುವುದಿಲ್ಲ, ಇಲ್ಲವೇ ಎರಡೂ ಬದಿಗೆ ಸಡಿಲವಾಗಿ ಅಲ್ಲಾಡುತ್ತದೆ. “ಸ್ವಲ್ಪ ಎಳೆದು ಕೂರಿಸಿದರೆ ಆಯಿತು” ಎಂಬ ಮಾತು ಆಗ ಸಾಮಾನ್ಯವಾಗಿ ಕೇಳಿಬರುತ್ತದೆ. ಕೆಲವೊಮ್ಮೆ ಈ ಮಾತು ಸರಿ. ಕೆಲವೊಮ್ಮೆ ಇದೇ ಮಾತು ಸವಾರನನ್ನು ರಸ್ತೆಗೆ ಕೆಡವುತ್ತದೆ. ಯಾವಾಗ ಸರಿ, ಯಾವಾಗ ತಪ್ಪು ಎಂಬುದು ಒಂದು ಅಳತೆ ಮತ್ತು ಒಂದು ಲೋಹದ ಮೇಲೆ ನಿಂತಿದೆ.

ಅಳೆಯುವುದು ಎಲ್ಲಿಂದ ಎಲ್ಲಿಗೆ?

ಚಕ್ರದ ನಡುವೆ ಇರುವುದು ಹಬ್. ಅದರೊಳಗೆ ಎಕ್ಸೆಲ್ ಹಾದುಹೋಗುತ್ತದೆ. ಎಕ್ಸೆಲಿನ ಎರಡೂ ಬದಿಗಳಲ್ಲಿ ಬೇರಿಂಗ್‌ನ ಕೋನ್‌ಗಳನ್ನು ಬಿಗಿಹಿಡಿಯುವ ಲಾಕ್ ನಟ್‌ಗಳಿರುತ್ತವೆ. ಈ ಎರಡು ಲಾಕ್ ನಟ್‌ಗಳ ಹೊರಮೈಗಳ ನಡುವಿನ ಅಂತರವೇ ಹಬ್ಬಿನ ಅಳತೆ. ಫ್ರೇಮಿನ ಹಿಂಬದಿಯಲ್ಲಿ ಎಕ್ಸೆಲ್ ಕೂರುವ ಸೀಳಿರುವ ಎರಡು ತಟ್ಟೆಗಳಿವೆ. ಅವುಗಳ ಒಳಮೈಗಳ ನಡುವಿನ ಅಂತರ ಫ್ರೇಮಿನ ಅಳತೆ. ಈ ಎರಡೂ ಅಂಕಿಗಳು ತಾಳೆಯಾಗಬೇಕು.

ಇಲ್ಲಿ ಅನೇಕರು ಎಕ್ಸೆಲಿನ ತುದಿಯಿಂದ ತುದಿಗೆ ಅಳೆದು ಮೋಸಹೋಗುತ್ತಾರೆ. ಕೈಯಿಂದಲೇ ಬಿಚ್ಚುವ ಕ್ವಿಕ್ ರಿಲೀಸ್ ಚಕ್ರದಲ್ಲಿ ಎಕ್ಸೆಲ್, ಹಬ್ಬಿನ ಅಳತೆಗಿಂತ ಸುಮಾರು 11 ಮಿ.ಮೀ. ಉದ್ದವಿರುತ್ತದೆ. ನಟ್ ಹಾಕಿ ಬಿಗಿಸುವ ಚಕ್ರದಲ್ಲಿ ಇನ್ನೂ ಹೆಚ್ಚು.

ಗೇರ್ ಹೆಚ್ಚಿದಂತೆ ಅಗಲವೂ ಹೆಚ್ಚಿತು

ಇಷ್ಟು ಬಗೆಯ ಅಳತೆಗಳು ಬಂದದ್ದು ಗೇರ್‌ಗಳಿಂದಾಗಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902ರಲ್ಲಿ ಆರಂಭವಾದ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರ್ ಹಬ್ಬಿನೊಳಗೇ ಅಡಗಿರುತ್ತಿತ್ತು. ಅದನ್ನು ಹಾಕುತ್ತಿದ್ದ ಸೈಕಲ್‌ಗಳಲ್ಲಿ ಹಿಂಬದಿಯ ಅಂತರ ಸುಮಾರು 110ರಿಂದ 114 ಮಿ.ಮೀ. ಹಬ್ಬಿನ ಹೊರಗೆ ಐದು ಹಲ್ಲುಚಕ್ರಗಳನ್ನು ಜೋಡಿಸುವ ಕ್ರಮ ಬಂದಾಗ 120 ಮಿ.ಮೀ. ಬೇಕಾಯಿತು. ಆರು, ಏಳು ಆದಾಗ 126 ಆಯಿತು. ರೋಡ್ ಸೈಕಲ್‌ಗಳಿಗೆ ಎಂಟು ಬಂದಾಗ 130 ಆಯಿತು. ಮೌಂಟನ್ ಬೈಕ್‌ಗಳಿಗೆ 135 ರೂಢಿಯಾಯಿತು. ಡಿಸ್ಕ್ ಬ್ರೇಕಿನ ಇತ್ತೀಚಿನ ಸೈಕಲ್‌ಗಳಲ್ಲಿ 12 ಮಿ.ಮೀ. ದಪ್ಪದ ಎಕ್ಸೆಲ್ ಸೀಳಿನಲ್ಲಿ ಕೂರುವುದಿಲ್ಲ, ತೂತಿನೊಳಗೆ ಹಾದು ಫ್ರೇಮಿಗೇ ತಿರುಚಿ ಬಿಗಿಯುತ್ತದೆ. ಅಲ್ಲಿನ ಅಳತೆ 142 ಅಥವಾ 148. ಅಂತಹ ಫ್ರೇಮಿನಲ್ಲಿ ಎಳೆದು ಕೂರಿಸುವ ಮಾತೇ ಇಲ್ಲ.

ಆದ್ದರಿಂದ 1980ರ ದಶಕದ 126ರ ಫ್ರೇಮಿಗೆ ಇಂದಿನ ರೋಡ್ ಸೈಕಲ್‌ನ 130ರ ಚಕ್ರ ತಂದರೆ 4 ಮಿ.ಮೀ. ತಾಳೆಯಾಗುವುದಿಲ್ಲ. ಬ್ಯಾಂಕಿನ ಲೆಡ್ಜರಿನಲ್ಲಿ ನಾಲ್ಕು ರೂಪಾಯಿ ವ್ಯತ್ಯಾಸ ಬಂದಂತೆ ಇದು. ಮೊತ್ತ ಚಿಕ್ಕದು, ಆದರೆ ಎಲ್ಲಿಂದ ಬಂತೆಂದು ತಿಳಿಯದೆ ಪುಸ್ತಕ ಮುಚ್ಚುವಂತಿಲ್ಲ.

ಮೊದಲು ಅಯಸ್ಕಾಂತದ ಪರೀಕ್ಷೆ

ಫ್ರೇಮ್ ಯಾವ ಲೋಹದ್ದೆಂದು ತಿಳಿಯಲು ಫ್ರಿಜ್ಜಿಗೆ ಅಂಟಿಸುವ ಒಂದು ಅಯಸ್ಕಾಂತ ಸಾಕು. ಅಂಟಿದರೆ ಉಕ್ಕು. ಅಂಟದಿದ್ದರೆ ಬಹುಪಾಲು ಅಲ್ಯೂಮಿನಿಯಂ. ದುಬಾರಿ ಸೈಕಲ್ ಆದರೆ ಕಾರ್ಬನ್ ಅಥವಾ ಟೈಟಾನಿಯಂ ಇರಬಹುದು.

ಉಕ್ಕು ಬಾಗಿಸಿದರೆ ಬಾಗುತ್ತದೆ, ಬಾಗಿದ ಮೇಲೂ ತನ್ನ ಬಲವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. 126ರ ಉಕ್ಕಿನ ಫ್ರೇಮಿನಲ್ಲಿ ಒಂದೊಂದು ಬದಿಗೆ 2 ಮಿ.ಮೀ.ನಂತೆ ಕೈಯಿಂದ ಹಿಗ್ಗಿಸಿ 130ರ ಚಕ್ರ ಹಾಕಿಕೊಂಡು ಓಡಿಸುವವರಿದ್ದಾರೆ. ಅಮೆರಿಕದ ಸರ್ಲಿ ಕಂಪನಿ ತನ್ನ ಕ್ರಾಸ್-ಚೆಕ್ ಎಂಬ ಉಕ್ಕಿನ ಸೈಕಲ್‌ಗೆ ಬೇಕೆಂದೇ 132.5 ಮಿ.ಮೀ. ಅಂತರ ಇಟ್ಟಿತ್ತು. 130ರ ಹಬ್ ಆದರೂ 135ರ ಹಬ್ ಆದರೂ ವ್ಯತ್ಯಾಸ 2.5 ಮಿ.ಮೀ. ಮಾತ್ರ, ಎರಡೂ ಕೂರುತ್ತವೆ ಎಂಬುದು ಅದರ ಲೆಕ್ಕ.

ಅಲ್ಯೂಮಿನಿಯಂ ಹಾಗಲ್ಲ. ಅದನ್ನು ಎಳೆದರೂ ಒತ್ತಿದರೂ ಬೆಸುಗೆಯ ಹತ್ತಿರ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಆ ದಿನ ಏನೂ ಆಗುವುದಿಲ್ಲ. ತಿಂಗಳುಗಳ ನಂತರ ಒಂದು ಗುಂಡಿಗೆ ಚಕ್ರ ಇಳಿದಾಗ ಬಿರುಕು ಬಾಯಿಬಿಡುತ್ತದೆ. ಕಾರ್ಬನ್ ಫ್ರೇಮನ್ನಂತೂ ಹಿಗ್ಗಿಸುವ ಯೋಚನೆಯನ್ನೇ ಮಾಡಬಾರದು. ಫ್ರೇಮ್ ಉಕ್ಕಿನದ್ದಲ್ಲ ಎಂದಾದರೆ ಫ್ರೇಮಿಗೆ ಹೊಂದುವ ಹಬ್ಬನ್ನೇ ತರಬೇಕು.

ಹಬ್ ಚಿಕ್ಕದಾದರೆ ವಾಷರ್

ಫ್ರೇಮ್ ಅಗಲ, ಹಬ್ ಚಿಕ್ಕದು ಎಂದಾದರೆ ನಟ್ ಬಿಗಿಸಿ ಫ್ರೇಮನ್ನೇ ಒಳಕ್ಕೆ ಜಗ್ಗುವುದು ತಪ್ಪು. ಕೋನ್ ಮತ್ತು ಲಾಕ್ ನಟ್ ನಡುವೆ ವಾಷರ್ ಸೇರಿಸಿ ಹಬ್ಬಿನ ಅಳತೆ ಹೆಚ್ಚಿಸುವುದು ಸರಿಯಾದ ದಾರಿ. 126ರ ಹಬ್ಬನ್ನು 130ಕ್ಕೆ ತರಲು ಎರಡೂ ಬದಿಗೆ 2 ಮಿ.ಮೀ.ನಂತೆ ಹಾಕಿದರೆ ರಿಮ್ ನಟ್ಟನಡುವೆಯೇ ಉಳಿಯುತ್ತದೆ. ನಾಲ್ಕನ್ನೂ ಎಡಬದಿಗೇ ಹಾಕಿದರೆ ರಿಮ್ 2 ಮಿ.ಮೀ. ಬಲಕ್ಕೆ ಉಳಿಯುತ್ತದೆ. ಆಗ ಕಡ್ಡಿಗಳನ್ನು ಎಳೆದು ಅದನ್ನು ಮತ್ತೆ ನಡುವಿಗೆ ತರಬೇಕು. ಈ ಕೆಲಸ ಬಿಟ್ಟರೆ ಟಯರು ಒಂದು ಬದಿಗೆ ಉಜ್ಜುತ್ತದೆ, ಬ್ರೇಕ್ ಸಮನಾಗಿ ಹಿಡಿಯುವುದಿಲ್ಲ.

ವಾಷರ್ ಸೇರಿಸಿದಷ್ಟೂ ಎಕ್ಸೆಲಿನ ಹೊರಚಾಚು ಕಡಿಮೆಯಾಗುತ್ತದೆ. ನಟ್‌ನ ಒಳಗಿನ ಮರೆಗಳೆಲ್ಲ ಎಕ್ಸೆಲನ್ನು ಹಿಡಿದಿರಬೇಕು. ನಾಲ್ಕೈದು ಸುತ್ತಿನ ಹಿಡಿತದ ಮೇಲೆ ಸವಾರನ ಭಾರ ಹೊರಿಸುವಂತಿಲ್ಲ. ಕ್ವಿಕ್ ರಿಲೀಸ್ ಆದರೆ ಎಕ್ಸೆಲ್ ತಟ್ಟೆಯೊಳಗೆ ಸಾಕಷ್ಟು ಕೂತಿರಬೇಕು, ಆದರೆ ತಟ್ಟೆಯಿಂದ ಹೊರಗೆ ಬರಬಾರದು. ಬಂದರೆ ಹಿಡಿಕೆ ಎಷ್ಟು ಒತ್ತಿದರೂ ಫ್ರೇಮನ್ನು ಕಚ್ಚುವುದಿಲ್ಲ. ಎಕ್ಸೆಲ್ ಸಾಲದಿದ್ದರೆ ಉದ್ದನೆಯದನ್ನು ಹಾಕಿಸಬೇಕು.

ಹಬ್ ದೊಡ್ಡದಾದರೆ ದಾರ

ಉಕ್ಕಿನ ಫ್ರೇಮ್ 120, ಹಬ್ 130 ಎಂದಾದರೆ ಪ್ರತಿಸಲ ಕೈಯಿಂದ ಎಳೆಯುವುದು ಸಲ್ಲದು. ಒಂದೊಂದು ಬದಿಗೆ 5 ಮಿ.ಮೀ.ನಂತೆ ಫ್ರೇಮನ್ನು ಕಾಯಂ ಆಗಿ ಹಿಗ್ಗಿಸಬೇಕಾಗುತ್ತದೆ. ಬೆಂಕಿ ತೋರಿಸದೆ, ತಣ್ಣಗಿರುವಾಗಲೇ ಮಾಡುವ ಕೆಲಸವಿದು. ಎರಡೂ ಕವಲುಗಳನ್ನು ಒಟ್ಟಿಗೆ ಎಳೆದರೆ ಯಾವುದು ಮೆತ್ತಗಿದೆಯೋ ಅದೇ ಹೆಚ್ಚು ಬಾಗಿ ಚಕ್ರ ಒಂದು ಬದಿಗೆ ಹೋಗುತ್ತದೆ. ಬಲ್ಲ ಮೆಕ್ಯಾನಿಕ್ ಒಂದೊಂದೇ ಬದಿಯನ್ನು ಸ್ವಲ್ಪ ಸ್ವಲ್ಪವಾಗಿ ಬಾಗಿಸಿ, ಪ್ರತಿಸಲ ಅಳೆಯುತ್ತಾನೆ.

ಅಳೆಯಲು ಬೇಕಾದದ್ದು ಒಂದು ದಾರ. ಹಿಂಬದಿಯ ಒಂದು ತಟ್ಟೆಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ತಟ್ಟೆಗೆ ಬಿಗಿಯಾಗಿ ತರಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ದೂರ ಸಮನಾದರೆ ಫ್ರೇಮ್ ನೇರವಾಗಿದೆ. ಈ ಪರೀಕ್ಷೆಯನ್ನು ಸರಳವಾಗಿ ಬರೆದು ಸೈಕಲ್ ಪ್ರಿಯರಿಗೆ ತಲುಪಿಸಿದವರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944-2008) ಪ್ರಮುಖರು.

ಕೆಲಸ ಇಲ್ಲಿಗೇ ಮುಗಿಯದು. ಕವಲುಗಳು ಹಿಗ್ಗಿದಾಗ ತುದಿಯ ತಟ್ಟೆಗಳೂ ಓರೆಯಾಗುತ್ತವೆ. ಅವನ್ನು ಮತ್ತೆ ಒಂದಕ್ಕೊಂದು ಸಮಾನಾಂತರವಾಗಿ ತರಬೇಕು. ಇಲ್ಲವಾದರೆ ನಟ್ ಬಿಗಿಸಿದ ಕೂಡಲೇ ಎಕ್ಸೆಲ್ ಬಿಲ್ಲಿನಂತೆ ಬಾಗಲು ನೋಡುತ್ತದೆ, ಒಂದು ದಿನ ಮುರಿಯುತ್ತದೆ. ಬಲಬದಿಯ ತಟ್ಟೆಗೆ ಗೇರ್ ಬದಲಿಸುವ ಡಿರೇಲರ್ ತೂಗುವುದರಿಂದ ಅದೂ ನೇರವಾಗಿರಬೇಕು. ಓರೆಯಾದರೆ ಚೈನ್ ಸರಿಯಾದ ಹಲ್ಲಿಗೆ ಕೂರುವುದಿಲ್ಲ.

ಹಬ್ ಕೂತರೆ ಸಾಲದು

ಊರಿನಿಂದ ಬಂದ ಸರಳು ಬ್ರೇಕಿನ ಕಪ್ಪು ಸೈಕಲ್‌ಗೆ ಗೇರ್ ಹಾಕಿಸುವವರು ಇನ್ನೆರಡು ವಿಷಯ ಗಮನಿಸಬೇಕು. ಈ ಸೈಕಲ್‌ನ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 40 ಕಡ್ಡಿ, ಮುಂದಿನದಕ್ಕೆ 32. ಗೇರ್ ಹಬ್‌ಗಳು ಹೆಚ್ಚಾಗಿ 32 ಅಥವಾ 36 ತೂತಿನವು. ಹಳೆಯ ರಿಮ್ಮಿಗೆ ಅವು ಹೊಂದುವುದಿಲ್ಲ. ಇನ್ನು ರಿಮ್ ಸಮೇತ ಹೊಸ ಚಕ್ರ ತಂದರೆ, ಹಳೆಯ 28 ಇಂಚಿನ ರಿಮ್ಮಿನ ವ್ಯಾಸ 635 ಮಿ.ಮೀ., ಈಗಿನ 700ಸಿ ರಿಮ್ಮಿನದು 622, ಹಳೆಯ 26 ಇಂಚಿನ ಮೌಂಟನ್ ಬೈಕಿನದು 559. ಸರಳು ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುವುದರಿಂದ ರಿಮ್ ಬದಲಾದರೆ ಬ್ರೇಕ್ ಹಿಡಿಯುವ ಜಾಗವೇ ತಪ್ಪುತ್ತದೆ. ಗೇರ್ ಬಂತು, ಬ್ರೇಕ್ ಹೋಯಿತು ಎಂಬಂತಾಗಬಾರದು. ಇಂತಹ ಸೈಕಲ್‌ಗೆ ಬೇರಿಂಗ್ ಗುಂಡು, ಕೋನ್ ಬದಲಿಸಿ ಹಳೆಯ ಹಬ್ಬನ್ನೇ ಉಳಿಸಿಕೊಳ್ಳುವುದು ಎಷ್ಟೋ ಸಲ ಜಾಣತನ.

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಅಂಶಗಳನ್ನು ಬರೆದುಕೊಳ್ಳಬೇಕು: ಫ್ರೇಮಿನ ಒಳ ಅಂತರ, ಫ್ರೇಮಿನ ಲೋಹ, ಕಡ್ಡಿಗಳ ಸಂಖ್ಯೆ, ರಿಮ್ಮಿನ ವ್ಯಾಸ. ಈ ಚೀಟಿ ಕೈಯಲ್ಲಿದ್ದರೆ ಬೇಡದ ಚಕ್ರ ಕೊಂಡು ಹಿಂದಿರುಗಿಸುವ ಕಷ್ಟವಿಲ್ಲ. ಕನ್ನಡ ಸಂಘಗಳು ಆರೋಗ್ಯ ತಪಾಸಣೆ, ನೇತ್ರ ತಪಾಸಣೆಯ ಶಿಬಿರಗಳನ್ನು ನಡೆಸುತ್ತಲೇ ಬಂದಿವೆ. ಒಂದು ಭಾನುವಾರ ಬೆಳಿಗ್ಗೆ ಸಂಘದ ಅಂಗಳದಲ್ಲಿ ಸೈಕಲ್ ತಪಾಸಣೆಯನ್ನೂ ಇಟ್ಟುಕೊಳ್ಳಬಹುದು. ಒಂದು ಸ್ಕೇಲು, ಒಂದು ಅಯಸ್ಕಾಂತ, ಒಂದು ಉಂಡೆ ದಾರ ಮತ್ತು ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ ಇದ್ದರೆ ಸಾಕು.